ಅಡುಗೆಮನೆಯ ಬಾಗಿಲು ತೆರೆದಿಟ್ಟವರು: ಮಾವಳ್ಳಿಯ ಯಜ್ಞನಾರಾಯಣ ಮಯ್ಯ



ನಮ್ಮಲ್ಲಿ ಬಹಳ ಮಂದಿಗೆ ಬೆಂಗಳೂರು ಎಂದರೆ ಕೆಲಸ ಮುಗಿಸಿಕೊಂಡು ಹಿಂದಿರುಗುವ ಊರು. ಆಸ್ಪತ್ರೆ, ಪರೀಕ್ಷೆ, ಸಂದರ್ಶನ, ಮದುವೆಯ ಜವಳಿ, ಹೀಗೆ ಏನಾದರೊಂದು ಕಾರಣ ಇರುತ್ತದೆ. ಹೊಸೂರಿನವರು ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುತ್ತಾರೆ. ಕಾಸರಗೋಡಿನವರು, ಸೊಲ್ಲಾಪುರದವರು ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಗಿನ ಜಾವ ಇಳಿಯುತ್ತಾರೆ. ಕೆಲಸ ಏನೇ ಇರಲಿ, ಒಂದು ಹೊತ್ತಿನ ತಿಂಡಿಯನ್ನೋ ಊಟವನ್ನೋ ಹೆಸರುವಾಸಿಯಾದ ಜಾಗದಲ್ಲಿ ಮಾಡಿ ಬರಬೇಕು ಎಂಬ ಆಸೆ ಎಲ್ಲರಿಗೂ ಇದ್ದದ್ದೇ. ಹಾಗೆ ಹೋದವರಲ್ಲಿ ಅನೇಕರು ಲಾಲ್‌ಬಾಗಿನ ಬಳಿ ಇರುವ ಮಾವಳ್ಳಿ ಟಿಫಿನ್ ರೂಮ್ಸ್ ಮುಂದೆ, ಅಂದರೆ ಎಂ.ಟಿ.ಆರ್. ಮುಂದೆ, ಸಾಲಿನಲ್ಲಿ ಕಾದವರು.

ಆ ಸಾಲಿನಲ್ಲಿ ನಿಂತಾಗ ರವೆ ಇಡ್ಲಿಯ ಮಾತು ಬರುತ್ತದೆ, ಬೆಳ್ಳಿಯ ಲೋಟದ ಕಾಫಿಯ ಮಾತು ಬರುತ್ತದೆ. ಆ ಮನೆಯನ್ನು ಕಟ್ಟಿದ ಹಿರಿಯರ ಮಾತು ಬರುವುದು ಅಪರೂಪ. ಗಡಿನಾಡಿನ ನಾವು ಅವರನ್ನು ನೆನೆಯಲು ಒಂದು ವಿಶೇಷ ಕಾರಣವೂ ಇದೆ. ಆದ್ದರಿಂದ ಈ ಬಾರಿಯ ವ್ಯಕ್ತಿ ಪರಿಚಯಕ್ಕೆ ಪಾರಂಪಳ್ಳಿ ಯಜ್ಞನಾರಾಯಣ ಮಯ್ಯರನ್ನು ಆರಿಸಿಕೊಂಡಿದ್ದೇವೆ. ಬಳಗದವರು ಅವರನ್ನು ಯಜ್ಞಪ್ಪ ಎಂದು ಕರೆಯುತ್ತಿದ್ದರು. 1968ರಲ್ಲಿ ತೀರಿಕೊಂಡ ಅವರು ಬಿಟ್ಟುಹೋದ ಪದ್ಧತಿಗಳು ಇಂದಿಗೂ ನಮ್ಮ ಹೋಟೆಲುಗಳಲ್ಲಿ ಉಳಿದಿವೆ.

ಒಂದೇ ಜಿಲ್ಲೆಯ ಮಕ್ಕಳು

ಪಾರಂಪಳ್ಳಿ ಇರುವುದು ಇಂದಿನ ಉಡುಪಿ ಜಿಲ್ಲೆಯಲ್ಲಿ, ಸಾಲಿಗ್ರಾಮ ಮತ್ತು ಕೋಟದ ನೆರೆಯಲ್ಲಿ. ಶಿವರಾಮ ಕಾರಂತರು ಹುಟ್ಟಿದ ಸೀಮೆ ಅದು. ಒಂದು ಕಡೆ ಕಡಲು, ಇನ್ನೊಂದು ಕಡೆ ಗದ್ದೆ, ತೆಂಗು. ಮಯ್ಯ, ಉರಾಳ, ಐತಾಳ, ಹಂದೆ, ಹೊಳ್ಳ ಮುಂತಾದ ಮನೆತನಗಳು ಸಾಲಿಗ್ರಾಮದ ಗುರು ನರಸಿಂಹನಿಗೆ ನಡೆದುಕೊಳ್ಳುವ ಊರು.

ಮಯ್ಯ ಸಹೋದರರು ಊರು ಬಿಟ್ಟ 1920ರ ದಶಕದ ನಕಾಶೆಯನ್ನು ಒಮ್ಮೆ ನೆನೆಸಿಕೊಳ್ಳೋಣ. ಪಾರಂಪಳ್ಳಿ ಆಗ ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ. ಅದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅದೇ ಜಿಲ್ಲೆಯ ತೆಂಕಣ ತುದಿಯ ತಾಲೂಕು ಕಾಸರಗೋಡು. ಅದೇ ಪ್ರಾಂತ್ಯದಲ್ಲಿ ವಯನಾಡು, ನೀಲಗಿರಿ, ತಾಳವಾಡಿ, ಹೊಸೂರು, ಆದೋನಿ, ರಾಯದುರ್ಗ, ಮಡಕಶಿರ ಎಲ್ಲವೂ ಇದ್ದವು. ಬೆಂಗಳೂರು ಮೈಸೂರು ಮಹಾರಾಜರ ಆಳ್ವಿಕೆಯಲ್ಲಿತ್ತು, ಅದರ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲಿತ್ತು. ಹಾಗಾಗಿ ಮಯ್ಯ ಸಹೋದರರು ಘಟ್ಟ ಹತ್ತಿ ಬೆಂಗಳೂರಿಗೆ ಬಂದಾಗ ಅವರು ಬೇರೊಂದು ಆಡಳಿತದ ಊರಿಗೆ ಬಂದ ಹೊರಗಿನವರೇ ಆಗಿದ್ದರು. ಮಾತು ಒಂದೇ, ಸರಕಾರ ಬೇರೆ. ಈ ಸ್ಥಿತಿಯನ್ನು ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಪಾರಂಪಳ್ಳಿಗೂ ಬೆಂಗಳೂರಿಗೂ ನಡುವೆ ಇದ್ದ ಗಡಿ ಅಳಿಸಿಹೋಯಿತು. ಅದೇ ದಿನ ಕಾಸರಗೋಡಿಗೂ ಮಂಗಳೂರಿಗೂ ನಡುವೆ ಹೊಸ ಗಡಿ ಎದ್ದಿತು. ಒಂದೇ ಜಿಲ್ಲೆಯ ಮಕ್ಕಳಲ್ಲಿ ಕೆಲವರು ಒಳಗಿನವರಾದರು, ಕೆಲವರು ಹೊರಗಿನವರಾದರು. ಮಯ್ಯರ ಬದುಕನ್ನು ಓದುವಾಗ ನಾವು ಇದನ್ನು ಮರೆಯಲಾರೆವು.

ಸೌಟು ಹಿಡಿದು ಊರು ಬಿಟ್ಟವರು

ಕರಾವಳಿಯ ಆ ಭಾಗದಿಂದ ಜನ ಘಟ್ಟ ಹತ್ತಿದ್ದು ಹೊಟ್ಟೆಪಾಡಿಗಾಗಿ. ಇದ್ದ ತುಂಡು ಭೂಮಿ ದೊಡ್ಡ ಸಂಸಾರಕ್ಕೆ ಸಾಲುತ್ತಿರಲಿಲ್ಲ. ಓದಿಗೆ ಅನುಕೂಲ ಕಡಿಮೆ. ಆದರೆ ಕೈಯಲ್ಲಿ ಒಂದು ವಿದ್ಯೆ ಇತ್ತು, ಅಡುಗೆ. ದೇವಸ್ಥಾನದ ಸಂತರ್ಪಣೆಗಳಲ್ಲಿ, ಮದುವೆ ಮುಂಜಿಗಳಲ್ಲಿ ನೂರಾರು ಎಲೆ ಹಾಕಿ ಬಡಿಸಿ ಗೊತ್ತಿದ್ದ ಜನ ಅವರು. ಅಳತೆ ತಪ್ಪದೆ, ರುಚಿ ಕೆಡದೆ, ಹೊತ್ತಿಗೆ ಸರಿಯಾಗಿ ಅಷ್ಟು ಮಂದಿಗೆ ಬೇಯಿಸಿ ಹಾಕುವುದು ಸಣ್ಣ ವಿದ್ಯೆಯಲ್ಲ. ಆ ವಿದ್ಯೆಯೇ ಮುಂದೆ ಮುಂಬಯಿಯಿಂದ ಮದರಾಸಿನವರೆಗೆ ಉಡುಪಿ ಹೋಟೆಲು ಎಂಬ ಹೆಸರಿನಲ್ಲಿ ಹಬ್ಬಿತು.

ಪರಮೇಶ್ವರ ಮಯ್ಯ, ಗಣಪ್ಪಯ್ಯ ಮಯ್ಯ, ಯಜ್ಞನಾರಾಯಣ ಮಯ್ಯ ಎಂಬ ಮೂವರು ಸಹೋದರರು ಹೀಗೆಯೇ ಬೆಂಗಳೂರು ಸೇರಿದರು. ಆರಂಭದ ದಿನಗಳ ದುಡಿಮೆ ದೊಡ್ಡವರ ಮನೆಗಳಲ್ಲಿ ಅಡುಗೆ ಕೆಲಸ. ಆ ಮನೆಗಳ ಉತ್ತೇಜನದಿಂದಲೇ ಸ್ವಂತದ್ದೊಂದು ಜಾಗ ಮಾಡುವ ಧೈರ್ಯ ಬಂತು. 1924ರಲ್ಲಿ ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ಇಡ್ಲಿ, ಕಾಫಿ ಕೊಡುವ ಪುಟ್ಟ ಹೋಟೆಲೊಂದನ್ನು ತೆರೆದರು. ಹೆಸರು ಬ್ರಾಹ್ಮಣ ಕಾಫಿ ಕ್ಲಬ್.

1929ರಲ್ಲಿ ಪರಮೇಶ್ವರ ಮಯ್ಯರು ತೀರಿಕೊಂಡರು. ಹೋಟೆಲು ತೆರೆದು ಆಗ ಐದೇ ವರ್ಷ. ಪರವೂರಿನಲ್ಲಿ ಮನೆಗೆ ಆಧಾರವಾಗಿದ್ದ ಅಣ್ಣನನ್ನು ಕಳೆದುಕೊಂಡ ತಮ್ಮಂದಿರ ಮುಂದೆ ಎರಡು ದಾರಿ ಇದ್ದವು: ಅಂಗಡಿ ಮುಚ್ಚಿ ಊರಿಗೆ ಮರಳುವುದು, ಇಲ್ಲವೇ ಹೆಗಲು ಕೊಡುವುದು. ಅವರು ಹೆಗಲು ಕೊಟ್ಟರು. ಕಾಲಕ್ರಮದಲ್ಲಿ ಯಜ್ಞನಾರಾಯಣ ಮಯ್ಯರೇ ಆ ಹೋಟೆಲಿನ ಮುಖವಾದರು.

ಹಿಂದಿನ ಬಾಗಿಲಿನಿಂದ ಬಂದ ದೊಡ್ಡ ಮನುಷ್ಯರು

ಇಂದು ನಾವು ಕುಟುಂಬ ಸಮೇತ ಹೋಟೆಲಿಗೆ ಹೋಗುವುದನ್ನು ಸಂತೋಷದ ಸಂಗತಿ ಎಂದುಕೊಳ್ಳುತ್ತೇವೆ. ಆ ಕಾಲದಲ್ಲಿ ಅದು ಹಾಗಿರಲಿಲ್ಲ. ಹೊರಗೆ ತಿನ್ನುವುದು ಮನೆಗೆ ಅವಮಾನ. ಮನೆಯಲ್ಲಿ ಹೆಂಗಸರು ಮಾಡಿ ಹಾಕುವುದಿಲ್ಲವೇ ಎಂಬ ಕೊಂಕು ಒಂದು ಕಡೆ, ಯಾರು ಮುಟ್ಟಿದ್ದೋ ಯಾರು ಮಾಡಿದ್ದೋ ಎಂಬ ಮಡಿಯ ಅಂಜಿಕೆ ಇನ್ನೊಂದು ಕಡೆ. ಹಾಗಾಗಿ ಮಯ್ಯರ ಹೋಟೆಲಿಗೆ ಬರುತ್ತಿದ್ದ ಪಟ್ಟಣದ ಪ್ರತಿಷ್ಠಿತರು ಬೀದಿಯ ಕಡೆಯಿಂದ ಬರುತ್ತಿರಲಿಲ್ಲ. ಪರಿಚಿತರ ಕಣ್ಣಿಗೆ ಬಿದ್ದಾರೆಂದು ಹಿಂದಿನ ಬಾಗಿಲಿನಿಂದ, ಅಡುಗೆಮನೆಯನ್ನು ಹಾದು ಒಳಗೆ ಬರುತ್ತಿದ್ದರು.

ಹೋಟೆಲುಗಳ ಹೆಸರಿನಲ್ಲಿ ಜಾತಿ ಇದ್ದದ್ದೂ ಇದೇ ಕಾರಣಕ್ಕೆ. ಬ್ರಾಹ್ಮಣ ಎಂಬ ಪದ ಫಲಕದ ಮೇಲಿದ್ದರೆ ಒಳಗೆ ಅಡುಗೆ ಮಾಡುವವರು ಯಾರು ಎಂಬುದು ಗಿರಾಕಿಗೆ ಗೊತ್ತಾಗುತ್ತಿತ್ತು, ಅವನ ಅಂಜಿಕೆ ಕಳೆಯುತ್ತಿತ್ತು. ಅದೇ ಪದ ಬೇರೆಯವರನ್ನು ಹೊರಗೆ ನಿಲ್ಲಿಸುತ್ತಿತ್ತು ಎಂಬುದನ್ನೂ ನಾವು ಮರೆಮಾಚಬಾರದು. ಆ ದಿನಗಳ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಂದು ಪಂಕ್ತಿ, ಇತರರಿಗೆ ಒಂದು ಪಂಕ್ತಿ ಇತ್ತು. ದಲಿತರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಗಡಿಯ ಈಚೆಗಿನ ನಮ್ಮ ಪೇಟೆಗಳೂ ಇದಕ್ಕೆ ಹೊರತಾಗಿರಲಿಲ್ಲ. ಹಳೆಯ ಹೋಟೆಲುಗಳ ಹಿರಿಮೆಯನ್ನು ಹೇಳುವಾಗ ಇದನ್ನೂ ಹೇಳದಿದ್ದರೆ ಲೆಕ್ಕ ಅರ್ಧವಾಗುತ್ತದೆ.

ಯುದ್ಧ ಕೊಟ್ಟ ತಿಂಡಿ

ಎರಡನೆಯ ಮಹಾಯುದ್ಧದ ಕಾಲ ದಕ್ಷಿಣ ಭಾರತದ ಹೋಟೆಲುಗಳಿಗೆ ದೊಡ್ಡ ಪರೀಕ್ಷೆ ತಂದಿತು. 1942ರಲ್ಲಿ ಬರ್ಮಾ ಜಪಾನೀಯರ ವಶವಾದ ಮೇಲೆ ಅಲ್ಲಿಂದ ಹಡಗಿನಲ್ಲಿ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿ ಪಡಿತರದ ವಸ್ತುವಾಯಿತು. ಇಡ್ಲಿಯನ್ನೇ ನಂಬಿಕೊಂಡ ಹೋಟೆಲಿಗೆ ಅಕ್ಕಿ ಇಲ್ಲವೆಂದರೆ ಏನು ಗತಿ?

ಮಯ್ಯರ ಅಡುಗೆಮನೆ ಇದಕ್ಕೆ ಕಂಡುಕೊಂಡ ಉತ್ತರ ರವೆ ಇಡ್ಲಿ. ಅಕ್ಕಿಯ ಬದಲು ಗೋಧಿಯ ರವೆ. ಅಕ್ಕಿ ಉದ್ದು ನೆನೆಸಿ, ಒರಳಿನಲ್ಲಿ ರುಬ್ಬಿ, ರಾತ್ರಿಯಿಡೀ ಹುದುಗು ಬರಲು ಬಿಡುವ ಕೆಲಸವನ್ನೇ ಅದು ಬದಿಗಿಟ್ಟಿತು. ರವೆಯನ್ನು ತುಪ್ಪದಲ್ಲಿ ಹುರಿದು, ಸಾಸಿವೆ, ಗೋಡಂಬಿ, ಕೊತ್ತಂಬರಿ ಸೊಪ್ಪು ಸೇರಿಸಿ, ಮೊಸರಿನಲ್ಲಿ ಕಲಸಿ, ಉಬ್ಬಲು ಚಿಟಿಕೆ ಸೋಡ ಹಾಕಿ ಆವಿಯಲ್ಲಿ ಬೇಯಿಸಿದರೆ ಆಯಿತು. ಹುದುಗು ಕೊಡಬೇಕಿದ್ದ ಹುಳಿಯನ್ನು ಮೊಸರು ಕೊಟ್ಟಿತು, ಹುದುಗಿನಿಂದ ಬರಬೇಕಿದ್ದ ಹಗುರವನ್ನು ಸೋಡ ಕೊಟ್ಟಿತು. ಜೊತೆಗೆ ಆಲೂಗಡ್ಡೆ ಸಾಗು, ಚಟ್ನಿ, ಪುಟ್ಟ ಬಟ್ಟಲಿನಲ್ಲಿ ಬಿಸಿ ತುಪ್ಪ.

ಇಲ್ಲದ್ದಕ್ಕೆ ಬದಲಾಗಿ ಮಾಡಿದ ತಿಂಡಿ ಅದು. ಯುದ್ಧ ಮುಗಿದು ಅಕ್ಕಿ ಮತ್ತೆ ಸಿಕ್ಕ ಮೇಲೆ ಅದು ಮರೆಯಾಗಬೇಕಿತ್ತು. ಹಾಗಾಗಲಿಲ್ಲ. ಇಂದು ಆದೋನಿಯಲ್ಲೋ ಊಟಿಯಲ್ಲೋ ನಮ್ಮ ಮನೆಯ ಮಕ್ಕಳು ರವೆ ಇಡ್ಲಿ ತಿನ್ನುವಾಗ ಅದು ಅಕ್ಕಿಯ ಬರಗಾಲದಲ್ಲಿ ಹುಟ್ಟಿದ್ದು ಎಂದು ಅವರಿಗೆ ತಿಳಿಸಬೇಕು. ಕೊರತೆಯ ದಿನಗಳಲ್ಲಿ ಗಿರಾಕಿಗೆ ಏನೋ ಒಂದನ್ನು ಕೊಟ್ಟು ಕೈತೊಳೆದುಕೊಳ್ಳದೆ, ತುಪ್ಪ ಗೋಡಂಬಿ ಹಾಕಿ ಮರ್ಯಾದೆಯ ತಿಂಡಿಯನ್ನೇ ಕೊಟ್ಟರು ಎಂಬುದೂ ತಿಳಿಯಬೇಕು.

ಕಡಲಾಚೆಯ ಪಾಠ

1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೋದರು. ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆ ಎಂಬುದನ್ನು ಕಣ್ಣಾರೆ ಕಾಣುವುದು ಅವರ ಉದ್ದೇಶ. ದಕ್ಷಿಣದ ತಿಂಡಿಯ ಹೋಟೆಲಿನ ಯಜಮಾನರೊಬ್ಬರು ಆ ಕಾಲದಲ್ಲಿ ಕಲಿಯುವುದಕ್ಕೆಂದು ಅಷ್ಟು ದೂರ ಹೋದದ್ದೇ ದೊಡ್ಡ ಮಾತು. ಕಡಲು ದಾಟುವುದು ತಪ್ಪು ಎಂಬ ನಂಬಿಕೆ ಇನ್ನೂ ಪೂರ್ತಿ ಸಡಿಲವಾಗದ ಸಮಾಜದಿಂದ ಬಂದವರು ಅವರು.

ಅಲ್ಲಿ ಅವರ ಮನಸ್ಸನ್ನು ಹಿಡಿದದ್ದು ಶುಚಿತ್ವ ಮತ್ತು ಶಿಸ್ತು. ಹಿಂದಿರುಗಿದವರೇ ತಮ್ಮ ಹೋಟೆಲಿನಲ್ಲಿ ಒಂದೊಂದಾಗಿ ಬದಲಾವಣೆ ತಂದರು. ತಟ್ಟೆ, ಲೋಟ, ಚಮಚಗಳನ್ನು ತೊಳೆದರೆ ಸಾಲದು, ರೋಗಾಣುಗಳು ಉಳಿಯದಂತೆ ಶುದ್ಧಗೊಳಿಸಬೇಕು ಎಂಬ ಕ್ರಮ ಬಂತು. ಆಹಾರವನ್ನು ಹೇಗೆ ತಯಾರಿಸಬೇಕು, ಆರೋಗ್ಯಕ್ಕೆ ಹಿತವಾಗುವಂತೆ ಹೇಗೆ ಉಣ್ಣಬೇಕು ಎಂಬುದನ್ನು ತಿಳಿಸುವ ಪುಸ್ತಿಕೆಗಳನ್ನು ಗಿರಾಕಿಗಳಿಗೆ ಹಂಚಿದರು. ತಿಂಡಿ ತಿಂದು ಹೋಗುವವರ ಕೈಗೆ ಪುಸ್ತಿಕೆ ಕೊಡುವ ಹೋಟೆಲು ಆಗ ಎಷ್ಟಿದ್ದೀತು!

ಎಲ್ಲಕ್ಕಿಂತ ಮುಖ್ಯವಾದ ಕ್ರಮ ಇನ್ನೊಂದು. ತಿನ್ನಲು ಕೂರುವ ಮೊದಲು ಅಡುಗೆಮನೆಗೆ ಹೋಗಿ ನೋಡಿಕೊಂಡು ಬರಲು ಗಿರಾಕಿಗಳನ್ನು ಈ ಹೋಟೆಲು ಪ್ರೋತ್ಸಾಹಿಸಿತು. ಎಲ್ಲಿ ಬೇಯುತ್ತದೆ, ಎಲ್ಲಿ ತೊಳೆಯುತ್ತಾರೆ, ಯಾವುದನ್ನು ಹಾಕುತ್ತಾರೆ, ಎಲ್ಲವೂ ಕಣ್ಣೆದುರಿಗೆ. ಹಿಂದೆ ದೊಡ್ಡ ಮನುಷ್ಯರು ಮುಖ ಮರೆಸಿಕೊಂಡು ಹಾದುಹೋಗುತ್ತಿದ್ದ ಅಡುಗೆಮನೆಯಂಥದೇ ಜಾಗಕ್ಕೆ ಈಗ ಯಾರು ಬೇಕಾದರೂ ತಲೆ ಎತ್ತಿಕೊಂಡು ಹೋಗಿ ನೋಡಬಹುದಿತ್ತು.

ಈ ಒಂದು ಬದಲಾವಣೆಯ ಆಳವನ್ನು ನಾವು ಗಮನಿಸಬೇಕು. ಅದುವರೆಗೆ ಹೋಟೆಲಿನ ಅನ್ನವನ್ನು ನಂಬಲು ಜನ ಕೇಳುತ್ತಿದ್ದ ಪ್ರಶ್ನೆ ಮಾಡಿದವರು ಯಾರು ಎಂಬುದು. ತೆರೆದ ಅಡುಗೆಮನೆ ಮುಂದಿಟ್ಟ ಪ್ರಶ್ನೆ ಹೇಗೆ ಮಾಡುತ್ತಾರೆ ಎಂಬುದು. ಮೊದಲನೆಯ ಪ್ರಶ್ನೆಗೆ ಉತ್ತರ ಹುಟ್ಟಿನಲ್ಲಿದೆ. ಎರಡನೆಯದಕ್ಕೆ ಉತ್ತರ ದಿನವೂ ಬೆಳಗ್ಗೆ ಎದ್ದು ದುಡಿದು ಗಳಿಸಿಕೊಳ್ಳಬೇಕಾದದ್ದು. ಮಡಿ ಎಂಬುದು ಬಿಸಿನೀರು, ಸಾಬೂನು, ಒಳ್ಳೆಯ ತುಪ್ಪ, ಒರೆಸಿದ ನೆಲ ಎಂಬ ಅರ್ಥಕ್ಕೆ ತಿರುಗಿದ್ದು ಹೀಗೆ.

ಹೆಸರಿನಿಂದ ಜಾತಿ ಹೋಯಿತು, ಊರು ಬಂತು

ಯುರೋಪಿನಿಂದ ಬಂದ ಮೇಲಿನ ಬದಲಾವಣೆಗಳಲ್ಲಿ ಹೋಟೆಲಿನ ಹೆಸರೂ ಸೇರಿತ್ತು. ಬ್ರಾಹ್ಮಣ ಕಾಫಿ ಕ್ಲಬ್ ಹೋಗಿ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಮಾವಳ್ಳಿ ಎಂಬುದು ಲಾಲ್‌ಬಾಗಿನ ಪಕ್ಕದ ಆ ಬಡಾವಣೆಯ ಹೆಸರು.

ದೇಶದ ಗಾಳಿಯೂ ಆಗ ಬದಲಾಗಿತ್ತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳಿಗೆ ಬರುವವರನ್ನು ಜಾತಿಯ ಕಾರಣದಿಂದ ತಡೆಯುವಂತಿಲ್ಲ ಎಂದು ಅದರ 15ನೆಯ ವಿಧಿಯೇ ಹೇಳಿತು. 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳಿಗೆ ಶಿಕ್ಷೆ ವಿಧಿಸುವ ಕಾಯಿದೆ ಬಂತು. ಮದರಾಸಿನಲ್ಲಿ 1957ರಲ್ಲಿ ಪೆರಿಯಾರ್ ಅವರ ಅನುಯಾಯಿಗಳು ಹೋಟೆಲಿನ ಫಲಕದ ಮೇಲಿನ ಬ್ರಾಹ್ಮಣ ಎಂಬ ಪದವನ್ನು ತೆಗೆಯಬೇಕೆಂದು ದಿನಗಟ್ಟಲೆ ಚಳವಳಿ ನಡೆಸಿದರು. ಹೊಸೂರು, ತಾಳವಾಡಿ, ನೀಲಗಿರಿಯ ನಮ್ಮ ಹಿರಿಯರಲ್ಲಿ ಕೆಲವರಿಗಾದರೂ ಆ ದಿನಗಳ ನೆನಪು ಇದ್ದೀತು.

ಫಲಕ ಬದಲಾದ ಮಾತ್ರಕ್ಕೆ ಮನಸ್ಸು ಬದಲಾಗುತ್ತದೆ ಎಂದು ನಾವು ಹೇಳುವುದಿಲ್ಲ. ಜಾತಿ ಅಷ್ಟು ಸುಲಭದಲ್ಲಿ ಅಳಿಯುವುದಲ್ಲ. ಆದರೂ ಹೆಸರಿಗೆ ತನ್ನದೇ ಬಲವಿದೆ. ಜಾತಿಯ ಹೆಸರು ಹೊತ್ತ ಜಾಗಕ್ಕೆ ಹೋಗಲು ಹಿಂಜರಿಯುವವನು ಊರಿನ ಹೆಸರು ಹೊತ್ತ ಜಾಗಕ್ಕೆ ಹಕ್ಕಿನಿಂದ ಹೋಗುತ್ತಾನೆ. ಇನ್ನೊಂದು ಮಾತು. ಪಾರಂಪಳ್ಳಿಯ ಮಯ್ಯರು ತಮ್ಮ ಹೋಟೆಲಿಗೆ ಹುಟ್ಟಿದೂರಿನ ಹೆಸರಿಡಲಿಲ್ಲ, ಮನೆತನದ ಹೆಸರಿಡಲಿಲ್ಲ. ಅನ್ನ ಕೊಟ್ಟ ಬಡಾವಣೆಯ ಹೆಸರಿಟ್ಟರು. ಮೂರ್ನಾಲ್ಕು ತಲೆಮಾರುಗಳಿಂದ ಬೇರೆ ರಾಜ್ಯದ ಮಣ್ಣಿನಲ್ಲಿ ಬೇರೂರಿ, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ಊರಿನ ಭಾಷೆಯನ್ನೂ ಆಡುತ್ತ ಬಂದ ನಮಗೆ ಈ ನಡೆ ಹತ್ತಿರದ್ದೆನಿಸುತ್ತದೆ. ತವರಿನ ರುಚಿಯನ್ನು ಬಿಡದೆ ನಿಂತ ನೆಲವನ್ನು ತನ್ನದೆಂದುಕೊಳ್ಳುವುದು ಸಾಧ್ಯ.

ಫ್ರೆಂಚ್ ಹೆಸರು ಬಿಟ್ಟ ಸಿಹಿ

ಯುರೋಪಿನ ಪ್ರವಾಸ ಅಡುಗೆಮನೆಗೆ ಒಂದು ಸಿಹಿಯನ್ನೂ ತಂದಿತು. ಅಲ್ಲಿನ ಪದರು ಪದರಾದ ತಿನಿಸಿನಿಂದ ಪ್ರೇರಣೆ ಪಡೆದು, ಮೈದಾ ಹಿಟ್ಟನ್ನು ಮಡಿಸಿ ಕರಿದು, ಮೇಲೆ ಖೋವಾದ ಗಟ್ಟಿ ಹಾಲು ಸುರಿದು ಕೊಡುವ ಸಿಹಿ ಅದು. ಮೊದಲು ಫ್ರೆಂಚ್ ಸ್ವೀಟ್ ಎಂಬ ಹೆಸರಿಟ್ಟಿದ್ದರಂತೆ. ಕೇಳುವವರೇ ಇರಲಿಲ್ಲವಂತೆ. ಆ ಹೊತ್ತಿಗೆ ಚಂದ್ರಹಾರಂ ಎಂಬ ಸಿನಿಮಾ ಬಂದಿತ್ತು. ಅದೇ ಹೆಸರನ್ನು ತುಸು ತಿದ್ದಿ ಚಂದ್ರಹಾರ ಎಂದು ಕರೆದ ಮೇಲೆ ಸಿಹಿ ಖರ್ಚಾಗತೊಡಗಿತು ಎಂಬ ಕಥೆ ಆ ಹೋಟೆಲಿನ ಬಳಕೆಯಲ್ಲಿ ಬಂದಿದೆ. ತಿನಿಸು ಅದೇ, ಬದಲಾದದ್ದು ಹೆಸರು ಮಾತ್ರ. ಹೊರಗಿನಿಂದ ತಂದದ್ದನ್ನು ನಮ್ಮ ನಾಲಿಗೆಗೂ ನಮ್ಮ ಕಿವಿಗೂ ಒಗ್ಗಿಸಿಕೊಳ್ಳಬೇಕು ಎಂಬುದನ್ನು ಮಯ್ಯರು ವ್ಯಾಪಾರದ ಪೆಟ್ಟು ತಿಂದೇ ಕಲಿತರು.

ಹೊಸ ಮನೆ, ಕೊನೆಯ ವರ್ಷಗಳು

1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಈಗಿನ ಜಾಗಕ್ಕೆ ಬಂತು. ಇಂದು ನಾವು ಸಾಲು ನಿಲ್ಲುವುದು ಅಲ್ಲಿಯೇ. ಒಂದೇ ದೊಡ್ಡ ಹಜಾರದ ಬದಲು ಹಲವು ಕೋಣೆಗಳು. ಹೆಸರಿನಲ್ಲಿ ರೂಮ್ಸ್ ಇರುವುದಕ್ಕೆ ತಕ್ಕ ಹಾಗೆಯೇ ಕಟ್ಟಡ. ಅಪರಿಚಿತರೊಂದಿಗೆ ಮೇಜು ಹಂಚಿಕೊಂಡು ಕೂರುವುದು ಅಲ್ಲಿ ಸಾಮಾನ್ಯ. ಯಾರ ಪಕ್ಕ ಯಾರು ಕೂರಬೇಕು ಎಂದು ಜಾತಿ ನಿರ್ಧರಿಸುತ್ತಿದ್ದ ಕಾಲದಿಂದ, ಯಾವ ಕುರ್ಚಿ ಖಾಲಿ ಇದೆಯೋ ಅಲ್ಲಿ ಕೂರುವ ಕಾಲದವರೆಗಿನ ದೂರವನ್ನು ಅಲ್ಲಿ ಕುಳಿತು ಕಾಫಿ ಕುಡಿಯುವಾಗ ನಾವು ಅಳೆಯಬಹುದು.

1968ರಲ್ಲಿ ಯಜ್ಞನಾರಾಯಣ ಮಯ್ಯರು ಕಣ್ಮುಚ್ಚಿದರು. ಹೋಟೆಲಿನ ಹೊಣೆ ಹರಿಶ್ಚಂದ್ರ ಮಯ್ಯರ ಹೆಗಲಿಗೆ ಬಂತು. ಹಿರಿಯರ ದಾರಿಯನ್ನು ಅವರು ಬಿಡಲಿಲ್ಲ. ಪಾತ್ರೆಗಳನ್ನು ಹಬೆಯಿಂದ ಶುದ್ಧಗೊಳಿಸುವ ವ್ಯವಸ್ಥೆಯನ್ನು ಬೆಂಗಳೂರಿನ ಹೋಟೆಲುಗಳಲ್ಲಿ ಮೊದಲು ತಂದ ಹಿರಿಮೆ ಅವರದು.

ಹಿರಿಯರ ಪಾಠಕ್ಕೆ ನಿಜವಾದ ಪರೀಕ್ಷೆ ಬಂದದ್ದು 1975ರ ತುರ್ತು ಪರಿಸ್ಥಿತಿಯಲ್ಲಿ. ಹೋಟೆಲಿನ ತಿಂಡಿಗಳನ್ನು ಬಹಳ ಕಡಿಮೆ ಬೆಲೆಗೆ ಮಾರಬೇಕು ಎಂದು ಸರಕಾರ ಕಟ್ಟುನಿಟ್ಟು ಮಾಡಿತು. ಆ ಬೆಲೆಗೆ ಒಳ್ಳೆಯ ತುಪ್ಪ, ಒಳ್ಳೆಯ ಬೇಳೆ, ಒಳ್ಳೆಯ ಕಾಫಿಬೀಜ ಹಾಕಿದರೆ ದಿನದಿನವೂ ನಷ್ಟ. ತುಪ್ಪದ ಜಾಗದಲ್ಲಿ ಡಾಲ್ಡಾ ಹಾಕಿ, ಸಾಂಬಾರಿಗೆ ಇನ್ನೆರಡು ಬಿಂದಿಗೆ ನೀರು ಸೇರಿಸಿ ದಿನ ದೂಡಬಹುದಿತ್ತು. ಮಯ್ಯರ ಮನೆತನ ಹಾಗೆ ಮಾಡಲು ಒಪ್ಪದೆ ಹೋಟೆಲನ್ನೇ ಮುಚ್ಚಿತು.

ಆದರೆ ಅಲ್ಲಿ ದುಡಿಯುತ್ತಿದ್ದವರ ಪಾಡೇನು? ಮನೆ ಬಿಟ್ಟು ಬಂದ ಭಟ್ಟರು, ಮಾಣಿಗಳು, ಪಾತ್ರೆ ತೊಳೆಯುವವರು, ಇವರನ್ನೆಲ್ಲ ಬೀದಿಗೆ ಬಿಡುವುದೇ? ಅವರ ಕೈಗೆ ಕೆಲಸ ಉಳಿಸಲೆಂದು ಹೋಟೆಲಿನ ಪಕ್ಕದ ಅಂಗಡಿಯಲ್ಲಿ ಮಸಾಲೆ ಪುಡಿ, ಹುರಿದ ಹಿಟ್ಟು, ದಿಢೀರ್ ತಿಂಡಿಗಳ ಮಿಶ್ರಣಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿದರು. ಆ ಪೊಟ್ಟಣಗಳೇ ಮುಂದೆ ದೊಡ್ಡ ಉದ್ಯಮವಾಗಿ ಬೆಳೆದವು. ಆ ಉದ್ಯಮ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು. ಹೋಟೆಲು ಮಾತ್ರ ಮತ್ತೆ ಬಾಗಿಲು ತೆರೆದು ಮಯ್ಯರ ಕುಟುಂಬದ ಬಳಿಯೇ ಉಳಿಯಿತು. 2013ರಲ್ಲಿ ಸಿಂಗಪುರದಲ್ಲೂ ಅದರ ಶಾಖೆ ತೆರೆಯಿತು. 2024ಕ್ಕೆ ಮೂಲ ಹೋಟೆಲಿಗೆ ನೂರು ತುಂಬಿತು.

ಸೊಲ್ಲಾಪುರದ ಕಿರಾಣಿ ಅಂಗಡಿಯಲ್ಲಿ ರವೆ ಇಡ್ಲಿ ಮಿಶ್ರಣದ ಪೊಟ್ಟಣ ಕೊಳ್ಳುವ ನಮ್ಮ ಅಕ್ಕಂದಿರ ಕೈಯಲ್ಲಿ ಹಾಗಾದರೆ ಎರಡು ಕಷ್ಟಕಾಲಗಳ ಫಲವಿದೆ. ಯುದ್ಧದ ಅಕ್ಕಿಯ ಅಭಾವ ಒಳಗಿನ ತಿಂಡಿಯನ್ನು ಕೊಟ್ಟಿತು. ತುರ್ತು ಪರಿಸ್ಥಿತಿಯ ಬೆಲೆ ಕಟ್ಟಳೆ ಹೊರಗಿನ ಪೊಟ್ಟಣವನ್ನು ಕೊಟ್ಟಿತು.

ನಮ್ಮ ಊರುಗಳ ಹೋಟೆಲುಗಳು

ಮಯ್ಯರು ಒಬ್ಬರೇ ಅಲ್ಲ. ಅದೇ ಕರಾವಳಿಯಿಂದ ಹೊರಟ ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಎ. ರಾಮನಾಯಕರು 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದರು. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು ಆರಂಭಿಸಿದ ಉರಾಳ ಸಹೋದರರೂ ಕರಾವಳಿಯಿಂದ ಬಂದವರೇ. ನಮ್ಮ ನೀಲಗಿರಿಯವರು ಚೆನ್ನೈಗೆ ಹೋದಾಗ, ಜತ್ತದವರು ಮುಂಬಯಿಗೆ ಹೋದಾಗ ಕನ್ನಡ ಮಾತು ಕಿವಿಗೆ ಬಿದ್ದು ಹಸಿವು ಇಮ್ಮಡಿಯಾಗುವುದು ಇಂಥ ಮನೆಗಳಲ್ಲಿಯೇ.

ಈ ಎಲ್ಲರ ನಡುವೆ ಯಜ್ಞನಾರಾಯಣ ಮಯ್ಯರನ್ನು ನಾವು ಬೇರೆಯಾಗಿ ನೆನೆಯುವುದು ಆ ತೆರೆದ ಅಡುಗೆಮನೆಗಾಗಿ. ರುಚಿ ಕೊಟ್ಟವರು ಅನೇಕರಿದ್ದಾರೆ. ತನ್ನ ಒಳಮನೆಯನ್ನು ತೋರಿಸಿ, ನೋಡಿ, ಆಮೇಲೆ ನಂಬಿ ಎಂಬ ನಡವಳಿಕೆಯನ್ನು ವ್ಯಾಪಾರದ ನಿಯಮವಾಗಿ ಮಾಡಿಕೊಂಡವರು ವಿರಳ. ಅಂಗಡಿಗೂ ಸಂಘಕ್ಕೂ ಮನೆಗೂ ಈ ನಿಯಮ ಒಪ್ಪುತ್ತದೆ. ನಮ್ಮ ಸಂಘದ ಲೆಕ್ಕಪತ್ರವನ್ನು ಯಾವ ಸದಸ್ಯರು ಬೇಕಾದರೂ ನೋಡಬಹುದು ಎಂದು ಹೇಳುವಾಗ ನಾವು ಮಾಡುತ್ತಿರುವುದೂ ಅದನ್ನೇ.

ಮುಂದಿನ ಸಲ ಬೆಂಗಳೂರಿಗೆ ಹೋಗುವ ಸದಸ್ಯರಿಗೆ ಒಂದೆರಡು ಸೂಚನೆ. ಬೆಳಗಿನ ತಿಂಡಿಗೆ ಹೋಗುವುದಾದರೆ ಆದಷ್ಟು ಬೇಗ ಹೋಗಿ, ಸಾಲು ಬೇಗ ಬೆಳೆಯುತ್ತದೆ. ಸೋಮವಾರ ಆ ಹೋಟೆಲಿಗೆ ವಾರದ ರಜೆ, ಹೊರಡುವ ಮೊದಲು ಒಮ್ಮೆ ವಿಚಾರಿಸಿಕೊಳ್ಳಿ. ಮಧ್ಯಾಹ್ನದ ಪೂರ್ಣ ಊಟಕ್ಕೆ ಕೂರುವವರು ಹೊಟ್ಟೆಯನ್ನೂ ಸಮಯವನ್ನೂ ಖಾಲಿ ಇಟ್ಟುಕೊಂಡು ಹೋಗಿ. ಬಿಸಿಬೇಳೆಭಾತಿನ ಹೊತ್ತಿಗೇ ಸಾಕು ಎನ್ನಿಸಿದರೆ ಮುಂದಿನ ಅನ್ನ, ಸಾರು, ಮೊಸರನ್ನಕ್ಕೆ ಜಾಗ ಇರುವುದಿಲ್ಲ. ಕಾಯುವ ಹೊತ್ತಿನಲ್ಲಿ ಜೊತೆಯಲ್ಲಿರುವ ಮಕ್ಕಳಿಗೆ ಈ ಹಿರಿಯರ ಕಥೆಯನ್ನು ಹೇಳಿ.

ಕೊನೆಗೊಂದು ಕೋರಿಕೆ. ನಮ್ಮ ಪ್ರತಿಯೊಂದು ಪೇಟೆಯಲ್ಲೂ ಬಸ್ ನಿಲ್ದಾಣದ ಎದುರೋ ತೇರುಬೀದಿಯಲ್ಲೋ ಒಂದು ಹಳೆಯ ಕನ್ನಡದವರ ಹೋಟೆಲು ಇದ್ದೇ ಇರುತ್ತದೆ, ಇಲ್ಲವೇ ಇತ್ತು. ಗಲ್ಲದ ಮೇಲೆ ಕುಳಿತು ಊರಿನವರಿಗೆಲ್ಲ ಸಾಲ ಬರೆದುಕೊಂಡವರು, ಪರ ಊರಿನಿಂದ ಬಂದ ವಿದ್ಯಾರ್ಥಿಗೆ ತಿಂಗಳಿಡೀ ಊಟ ಹಾಕಿದವರು, ಸಂಘದ ಮೊದಲ ಸಭೆಗಳಿಗೆ ಮಹಡಿಯ ಕೋಣೆ ಬಿಟ್ಟುಕೊಟ್ಟವರು ಅಲ್ಲಿ ಇದ್ದರು. ಅವರ ಬಗ್ಗೆ ಬರೆದಿಟ್ಟವರು ಇಲ್ಲ. ಅವರನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ವಿಚಾರಿಸಿ, ನಾಲ್ಕು ಸಾಲಾದರೂ ಬರೆದು, ಮುಂದಿನ ಮಾಸಿಕ ಕೂಟಕ್ಕೆ ಬರುವಾಗ ತನ್ನಿ. ಅಂದು ಅವನ್ನು ಎಲ್ಲರ ಮುಂದೆ ಓದೋಣ. ಕೂಟದ ನಂತರ ಎಂದಿನಂತೆ ಉಪ್ಪಿಟ್ಟು, ಕಾಫಿ ಇರುತ್ತದೆ. ಅಡುಗೆಮನೆಯ ಬಾಗಿಲೂ ತೆರೆದೇ ಇರುತ್ತದೆ.